ಕೋಠಿ, ಕೇರಿ, ತೋಟ: ಭಟ್ಕಳ–ಹೊನ್ನಾವರ–ಕುಮಟಾ ಸೀಮೆಯ ವಲಸೆನೆಲೆಗಳೂ ಆಂಗ್ಲರ ಆದಿವಸಾಹತುಗಳೂ

ಲಂಡನ್ನಿನ ವರ್ತಕನಾದ ಸರ್ ವಿಲಿಯಂ ಕೋರ್ಟೀನನು 1627ರಲ್ಲಿ ಸುಮಾರು ಎಂಬತ್ತು ಮಂದಿ ಆಂಗ್ಲರನ್ನು ಹಡಗೇರಿಸಿ ಕಳುಹಿಸಿ, ಬಾರ್ಬಡೋಸ್ ದ್ವೀಪದಲ್ಲಿ ಒಂದು ವಸಾಹತನ್ನು ನೆಲೆಗೊಳಿಸಿದನು. ಅದೇ ಕೋರ್ಟೀನನು ಒಂದನೆಯ ಚಾರ್ಲ್ಸ್ ದೊರೆಯ ಅನುಗ್ರಹದಿಂದ ಕಟ್ಟಿದ ಪೂರ್ವದೇಶ ವ್ಯಾಪಾರದ ಸಂಘದ ನೌಕೆಗಳು, ಅವನು ತೀರಿಕೊಂಡ ಮರುವರ್ಷ, ಎಂದರೆ 1637ರಲ್ಲಿ, ಕ್ಯಾಪ್ಟನ್ ಜಾನ್ ವೆಡೆಲ್ಲನ ನಾಯಕತ್ವದಲ್ಲಿ ಭಟ್ಕಳಕ್ಕೆ ಬಂದು ತಲುಪಿದುವು. ಬಾರ್ಬಡೋಸಿನ ನೆಲೆಯು ಒಂದೆರಡು ತಲೆಮಾರುಗಳಲ್ಲಿಯೇ ಗುಲಾಮರ ದುಡಿಮೆಯ ಮೇಲೆ ನಿಂತ ಸಕ್ಕರೆಯ ಸೀಮೆಯಾಗಿ ಬೆಳೆದು ಶತಮಾನಗಳ ಕಾಲ ಆಂಗ್ಲರ ಆಳ್ವಿಕೆಯಲ್ಲಿ ಉಳಿಯಿತು. ಭಟ್ಕಳದಲ್ಲಾದರೋ ಆ ಕಾಲದ ವರ್ತಕರ ಕೆಲವು ಗೋರಿಗಳ ಹೊರತಾಗಿ ಆಂಗ್ಲರ ಗುರುತು ಉಳಿಯಲಿಲ್ಲ. ಒಂದೇ ಜನ, ಒಬ್ಬನೇ ವರ್ತಕ, ಒಂದೇ ದೊರೆಯ ಕಾಲವಾಗಿರುತ್ತ ಫಲಗಳು ಇಷ್ಟು ಭಿನ್ನವಾದುದಕ್ಕೆ ಕಾರಣವೇನೆಂಬುದೇ ಪ್ರಸ್ತುತ ಲೇಖನದ ಜಿಜ್ಞಾಸೆ.

ಅಮೆರಿಕದ ಪೂರ್ವತೀರದ ಆಂಗ್ಲ ವಸಾಹತುಗಳು ಮೊದಲಿನಿಂದಲೂ ಏಕರೂಪವಾಗಿರಲಿಲ್ಲ. 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನಿಗೆ ಬಂದವರು ಚಿನ್ನದ ಆಸೆಯಿಂದ ಬಂದು, ಹಸಿವಿನಿಂದಲೂ ರೋಗದಿಂದಲೂ ನವೆದು, ಕೊನೆಗೆ ಹೊಗೆಸೊಪ್ಪಿನ ಬೆಳೆಯಲ್ಲಿ ಬದುಕಿನ ದಾರಿಯನ್ನು ಕಂಡುಕೊಂಡರು. ಆ ಬೆಳೆಯು ವಿಸ್ತಾರವಾದ ನೆಲವನ್ನೂ ಅಗ್ಗದ ಆಳುಗಳನ್ನೂ ಬೇಡಿದುದರಿಂದ ಕರಾರಿನ ಕೂಲಿಗಳೂ, 1619ರಿಂದ ಆಫ್ರಿಕದ ಬಂದಿಗಳೂ ಅಲ್ಲಿಗೆ ಬಂದರು. 1620ರಲ್ಲಿ ಪ್ಲಿಮತ್ತಿಗೂ, 1630ರಲ್ಲಿ ಮೆಸಾಚುಸೆಟ್ಸಿಗೂ ಬಂದವರಲ್ಲಿ ಹೆಚ್ಚಿನವರು ತಮ್ಮ ಮತಾಚರಣೆಗೆ ಸ್ವದೇಶದಲ್ಲಿ ಎಡೆಯಿಲ್ಲವೆಂದು ಹೆಂಡಿರುಮಕ್ಕಳೊಡನೆ ಹೊರಟವರಾದುದರಿಂದ, ಬಂಡೆಗಲ್ಲಿನ ಬಡನೆಲದಲ್ಲಿ ಸಣ್ಣ ಸಣ್ಣ ಹಿಡುವಳಿಗಳನ್ನು ಮಾಡಿಕೊಂಡು ಇಗರ್ಜಿಯ ಸುತ್ತ ಊರು ಕಟ್ಟಿದರು. ಆದರೆ ಧರ್ಮಸ್ವಾತಂತ್ರ್ಯವನ್ನು ಅರಸಿ ಬಂದ ಅವರೇ ಭಿನ್ನಮತಿಯಾದ ರೋಜರ್ ವಿಲಿಯಮ್ಸನನ್ನು ಹೊರಗಟ್ಟಿದರು. ಅವನು 1636ರಲ್ಲಿ ಪ್ರಾವಿಡೆನ್ಸ್ ಎಂಬ ಬೇರೊಂದು ನೆಲೆಯನ್ನು ಸ್ಥಾಪಿಸಬೇಕಾಯಿತು. 1634ರ ಮೇರಿಲ್ಯಾಂಡ್ ಕ್ಯಾಥೊಲಿಕರಿಗೂ, 1681ರ ಪೆನ್ಸಿಲ್ವೇನಿಯಾ ಕ್ವೇಕರರಿಗೂ ಆಶ್ರಯವಾದುವು. ಬಂದ ಕಾರಣವೂ ದೊರೆತ ಮಣ್ಣೂ ಕೂಡಿ ಒಂದೊಂದು ಸೀಮೆಗೂ ಒಂದೊಂದು ಲಕ್ಷಣವನ್ನು ಕೊಟ್ಟವು. ಆದರೆ ಒಂದು ಸಂಗತಿ ಎಲ್ಲೆಡೆಗೂ ಸಮಾನ: ಮೂಲನಿವಾಸಿಗಳನ್ನು ವ್ಯಾಧಿಗಳು ಕುಗ್ಗಿಸಿದ್ದುವು, ಉಳಿದವರಿಂದ ನೆಲವನ್ನು ಕರಾರಿನಿಂದಲೋ ಕೋವಿಯಿಂದಲೋ ಕಿತ್ತುಕೊಳ್ಳುವುದು ಸಾಧ್ಯವಾಗಿತ್ತು.

ಕನ್ನಡದ ಕರಾವಳಿಯಲ್ಲಿ ಈ ಸಂಗತಿಯೇ ಇರಲಿಲ್ಲ. ವೆಡೆಲ್ಲನ ಜನರು ವ್ಯಾಪಾರಕ್ಕೆ ಅಪ್ಪಣೆ ಬೇಡುವುದಕ್ಕಾಗಿ ಘಟ್ಟವನ್ನೇರಿ ಕೆಳದಿಯ ವೀರಭದ್ರನಾಯಕನ ಆಸ್ಥಾನವಾದ ಇಕ್ಕೇರಿಗೆ ಹೋಗಬೇಕಾಯಿತು. ಆ ಪ್ರಯಾಣದ ವೃತ್ತಾಂತವನ್ನು ಅವರೊಡನಿದ್ದ ಪೀಟರ್ ಮಂಡಿ ಬರೆದಿಟ್ಟಿದ್ದಾನೆ. ಅವರಿಗೆ ಬೇಕಾದುದು ಕರಿಮೆಣಸು. ಆ ಮೆಣಸನ್ನು ಬೆಳೆಯುವ ತೋಟಿಗನೊಬ್ಬ, ಹೊತ್ತು ತರುವ ಎತ್ತಿನ ಹೇರಿನವನೊಬ್ಬ, ಬಂದರಿನಲ್ಲಿ ಕೊಳ್ಳುವ ಸೆಟ್ಟಿಯೊಬ್ಬ, ಸುಂಕವನ್ನೂ ಬೆಲೆಯನ್ನೂ ಹಿಡಿದಿಡುವ ಅರಸನೊಬ್ಬ: ಹೀಗೆ ಸರಪಳಿಯ ಪ್ರತಿಯೊಂದು ಕೊಂಡಿಗೂ ಒಡೆಯನಿದ್ದನು. ಅಂತಹ ನಾಡಿಗೆ ಬಂದವನು ಕೊಳ್ಳಬಹುದಲ್ಲದೆ ಬಿತ್ತಲಾರನು; ಆದುದರಿಂದ ಆಂಗ್ಲರ ನೆಲೆಯು ಇಲ್ಲಿ ಕೋಠಿಯಾಯಿತೇ ಹೊರತು ವಸಾಹತಾಗಲಿಲ್ಲ. ಪೋರ್ಚುಗೀಸರು 1542ರಲ್ಲಿ ಭಟ್ಕಳವನ್ನು ಸುಟ್ಟು, 1569ರಲ್ಲಿ ಹೊನ್ನಾವರದ ಕೋಟೆಯನ್ನು ಹಿಡಿದಿದ್ದರೂ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ಯೆಂದು ಕರೆದು ಅವಳೊಡನೆ ವ್ಯವಹರಿಸಬೇಕಾಗಿತ್ತು, ಕೆಳದಿಯ ಶಿವಪ್ಪನಾಯಕನ ಕಾಲಕ್ಕೆ ಆ ಕೋಟೆಯೂ ಅವರ ಕೈಬಿಟ್ಟಿತು. ಭಟ್ಕಳದ ಕೋಠಿಯವರ ನಾಯಿಯೊಂದು ದೇವರಿಗೆ ಬಿಟ್ಟ ಗೋವನ್ನು ಕೊಂದುದರಿಂದ ಜನರು ರೊಚ್ಚಿಗೆದ್ದು ಹದಿನೆಂಟು ಮಂದಿ ಆಂಗ್ಲರನ್ನು ಕೊಂದರೆಂದು ನಾವಿಕನಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬರೆದಿದ್ದಾನೆ. ಬಹುಕಾಲದ ಮೇಲೆ, ಕೇಳಿದುದನ್ನು ಬರೆದ ಈ ವೃತ್ತಾಂತವನ್ನು ಅಕ್ಷರಶಃ ನಂಬಬೇಕಾದುದಿಲ್ಲ; ಆದರೆ ಆ ನೆಲೆಯು ಊರಿನವರ ಸಹನೆಯ ಮೇಲೆಯೇ ನಿಂತಿತ್ತೆಂಬ ಅರಿವು ಅದರಲ್ಲಿ ಸ್ಪಷ್ಟವಾಗಿದೆ.

ಹಾಗಾದರೆ ಈ ತೀರದಲ್ಲಿ ನಿಜವಾಗಿ ನೆಲೆಸಿದವರು ಯಾರು? ಮೊದಲನೆಯದಾಗಿ, ವ್ಯಾಪಾರಕ್ಕಾಗಿ ಬಂದು ಇಲ್ಲಿಯವರೇ ಆದ ಮುಸಲ್ಮಾನ ನವಾಯತರು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತನು ಆ ಪಟ್ಟಣದಲ್ಲಿ ಬಾಲಿಕೆಯರಿಗಾಗಿ ಹದಿಮೂರು, ಬಾಲಕರಿಗಾಗಿ ಇಪ್ಪತ್ತಮೂರು ಪಾಠಶಾಲೆಗಳಿದ್ದುವೆಂದು ಹೇಳುತ್ತಾನೆ. ಋತುಮಾನಕ್ಕೆ ಬಂದು ಹೋಗುವ ವರ್ತಕರ ಬಿಡಾರದಲ್ಲಿ ಬಾಲಿಕೆಯರ ಪಾಠಶಾಲೆಗಳಿರಲಾರವು. ಭಟ್ಕಳದ ನವಾಯತರು ಕೊಂಕಣಿಯ ಬುಡಕ್ಕೆ ಅರಬ್ಬಿ ಪಾರಸಿಗಳ ಪದಸಂಪತ್ತನ್ನು ಬೆಸೆದ ನುಡಿಯನ್ನು ಇಂದಿಗೂ ಆಡುತ್ತಾರೆ. ಎರಡನೆಯದಾಗಿ, ಆಶ್ರಯಕ್ಕಾಗಿ ಬಂದವರು. 1540ರ ಸುಮಾರಿಗೆ ಗೋವೆಯಲ್ಲಿ ದೇವಾಲಯಗಳ ಧ್ವಂಸವೂ, 1560ರಲ್ಲಿ ಇನ್‌ಕ್ವಿಸಿಶನ್ನಿನ ವಿಚಾರಣೆಯೂ ತೊಡಗಲು ಅನೇಕ ಸಾರಸ್ವತ ಮನೆತನಗಳು ದೇವರಮೂರ್ತಿಯೊಡನೆ ದಕ್ಷಿಣಕ್ಕೆ ಇಳಿದುವು. ಇವರೆಲ್ಲರೂ ಒಮ್ಮೆಗೇ ಬಂದವರಲ್ಲ. ಹಿಂದೆಯೇ ವ್ಯಾಪಾರಕ್ಕೆ ಬಂದು ನೆಲೆಸಿದ್ದ ಬಂಧುಗಳು ಹೊಸಬರಿಗೆ ದಾರಿಯನ್ನು ಸುಗಮಗೊಳಿಸಿದ್ದರು. ಭಟ್ಕಳದ ಖೇತಪೈ ನಾರಾಯಣ ದೇವಾಲಯದ ಕಲ್ಲುಕೆತ್ತನೆಯು ಕೊಂಕಣಿ ವರ್ತಕನೊಬ್ಬನ ಐಶ್ವರ್ಯಕ್ಕೂ ಭಕ್ತಿಗೂ ಸಾಕ್ಷಿಯಾಗಿದೆ. ಕೊಂಕಣಿ ಕ್ರೈಸ್ತರು ಕೂಡ ಕ್ಷಾಮದಿಂದಲೂ, 1683ರ ಮರಾಠರ ದಂಡಯಾತ್ರೆಯಿಂದಲೂ, ಅದೇ ಇನ್‌ಕ್ವಿಸಿಶನ್ನಿನ ಬಿಗಿಯಿಂದಲೂ ಪಾರಾಗಲು ಇದೇ ದಾರಿಯನ್ನು ಹಿಡಿದರು: ಒಂದೇ ಮತಪೀಡನೆಯು ಪೀಡಕನ ಮತದವರನ್ನೂ ಅನ್ಯಮತದವರನ್ನೂ ಒಂದೇ ತೀರಕ್ಕೆ ದಾಟಿಸಿತು.

ಮೂರನೆಯದು ನೆಲದ ವಲಸೆ. ಹವ್ಯಕರು ಕದಂಬ ಮಯೂರವರ್ಮನ ಕಾಲದಲ್ಲಿ ಅಹಿಚ್ಛತ್ರದಿಂದ ಬಂದರೆಂಬುದು ಐತಿಹ್ಯ. ಘಟ್ಟದ ತಪ್ಪಲಿನ ತೇವಭರಿತ ಕಣಿವೆಗಳಲ್ಲಿ ಅವರು ಎಬ್ಬಿಸಿದ ಅಡಕೆ ಮೆಣಸುಗಳ ತೋಟಗಳೇ ಇತಿಹಾಸ. ಕುಮಟೆಯಿಂದ ಶಿರಸಿಗೆ ಹೋಗುವ ಮಾರ್ಗದಲ್ಲಿ, ದೇವಿಮನೆ ಘಟ್ಟ ಏರುವ ಮೊದಲು, ಚಂಡಿಕಾ ಹೊಳೆಯ ಆಸುಪಾಸಿನ ಕತಗಾಲ ಸೀಮೆಯಲ್ಲಿ ನೆಲದ ಭೇದವು ಕಣ್ಣಿಗೆ ಕಟ್ಟುತ್ತದೆ: ಮೇಲೆ ಸೊಪ್ಪಿನ ಬೆಟ್ಟ, ಅದರ ಕೆಳಗೆ ತೋಟ, ಬಯಲಿನಲ್ಲಿ ಗದ್ದೆ, ಇನ್ನೂ ಕೆಳಗೆ ಅಘನಾಶಿನಿಯ ಉಪ್ಪುನೀರು ಮುಟ್ಟುವಲ್ಲಿ ಗಜನಿಯೆಂಬ ಉಪ್ಪುಗದ್ದೆ. ಗದ್ದೆಯನ್ನೂ ಗಜನಿಯನ್ನೂ ದುಡಿದವರಲ್ಲಿ ಈ ನಾಡಿನ ಪ್ರಾಚೀನ ನಿವಾಸಿಗಳಾದ ಹಾಲಕ್ಕಿ ಒಕ್ಕಲಿಗರು ಪ್ರಮುಖರು. ಅಮೆರಿಕದ ಮೂಲನಿವಾಸಿಗಳಂತೆ ಅವರು ನೆಲದಿಂದ ಉಚ್ಚಾಟಿತರಾಗಲಿಲ್ಲ. ಆದರೆ ಅನೇಕ ಕಡೆ ಅದೇ ನೆಲದ ಗೇಣಿದಾರರಾದರು. ಆಂಗ್ಲರ ಅರಣ್ಯಶಾಸನಗಳು ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ಬಿಗಿಗೊಳಿಸಿದ ಮೇಲೆ ಕಾಡನ್ನೇ ನಂಬಿದ್ದವರ ಪಾಡು ಇನ್ನಷ್ಟು ಇಕ್ಕಟ್ಟಾಯಿತು. 1974ರ ಭೂಸುಧಾರಣೆಯ ಕಾನೂನು ಬರುವವರೆಗೂ ವಲಸೆಯ ಈ ಲೆಕ್ಕ ತೀರದೆಯೇ ಉಳಿದಿತ್ತು.

ಕುಮಟೆಯ ಉತ್ಕರ್ಷವು ಈಚಿನದು. 1799ರಲ್ಲಿ ಟಿಪ್ಪುವಿನ ಪತನಾನಂತರ ಕನ್ನಡ ಜಿಲ್ಲೆಯು ಆಂಗ್ಲರ ವಶವಾಯಿತು. ಅದರ ಉತ್ತರಭಾಗವು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದೇ ಹೊತ್ತಿಗೆ ಅಮೆರಿಕದ ಅಂತರ್ಯುದ್ಧವು ಲ್ಯಾಂಕಾಶೈರಿನ ಗಿರಣಿಗಳಿಗೆ ಅರಳೆಯ ಬರಗಾಲವನ್ನು ತಂದುದರಿಂದ ಧಾರವಾಡದ ಹತ್ತಿಯ ಬಂಡಿಗಳು ದೇವಿಮನೆ ಘಟ್ಟವಿಳಿದು ಕತಗಾಲದ ಮಾರ್ಗವಾಗಿ ಬಂದರಿಗೆ ಬಂದುವು. ‘ಕುಮಟಾ ಹತ್ತಿ’ ಎಂಬ ಹೆಸರು ಇಂಗ್ಲೆಂಡಿನ ಪೇಟೆಯಲ್ಲಿ ರೂಢವಾಯಿತು. ವರ್ಜೀನಿಯಾದಲ್ಲಿ ಬೇರುಬಿಟ್ಟ ತೋಟ–ಗುಲಾಮ ಪದ್ಧತಿಯ ಕಾರಣದಿಂದ ಎದ್ದ ಯುದ್ಧವು ಕನ್ನಡನಾಡಿನ ಒಂದು ಪಟ್ಟಣವನ್ನು ಬೆಳೆಸಿತು. ಮರ್ಮಗೋವೆಯ ರೈಲುದಾರಿ ಹತ್ತಿಯನ್ನು ಬೇರೆ ಕಡೆಗೆ ಸೆಳೆದುಕೊಂಡಾಗ ಆ ಭಾಗ್ಯವೂ ಕುಗ್ಗಿತು.

ಇದರಿಂದ ಸಿದ್ಧವಾಗುವುದಿಷ್ಟು: ಲಾಭ, ಆಶ್ರಯ, ನೆಲ ಎಂಬ ಮೂರು ಪ್ರೇರಣೆಗಳು ಮೆಸಾಚುಸೆಟ್ಸಿನಲ್ಲಿಯೂ ಭಟ್ಕಳದಲ್ಲಿಯೂ ಒಂದೇ, ಆದರೆ ನೆಲೆಯ ಸ್ವರೂಪವನ್ನು ಕೊನೆಗೆ ನಿರ್ಣಯಿಸಿದುದು ಬಂದವನ ಇಚ್ಛೆಗಿಂತ ಮಿಗಿಲಾಗಿ, ಅವನಿಗೆ ಎದುರಾದ ಸಮಾಜದ ಬಲಾಬಲ. ಇದ್ದವರ ಬಲ ಮುರಿದಿದ್ದಲ್ಲಿ ಬಂದವನು ತನ್ನ ಸ್ವದೇಶದ ಪ್ರತಿಕೃತಿಯೊಂದನ್ನು ಕಟ್ಟಿದನು. ಇದ್ದವರು ಗಟ್ಟಿಯಾಗಿದ್ದಲ್ಲಿ ಅವನು ಗಿರಾಕಿಯಾಗಿ ಬಂದು, ಬೇಕೆಂದರೆ ನೆರೆಯವನಾಗಿ ಉಳಿದನು. ಕೋರ್ಟೀನನ ಜನರು ಗಿರಾಕಿತನವನ್ನಷ್ಟೇ ಬಯಸಿದರು. ನವಾಯತರೂ ಸಾರಸ್ವತರೂ ಕೊಂಕಣಿ ಕ್ರೈಸ್ತರೂ ನೆರೆತನವನ್ನು ಆರಿಸಿಕೊಂಡರು. ಆದುದರಿಂದಲೇ ಈ ತೀರದ ಪೇಟೆಗಳಲ್ಲಿ ಇಂದು ಕೊಂಕಣಿಯೂ ನವಾಯತಿಯೂ ಹವಿಗನ್ನಡವೂ ಕೇಳಿಬರುತ್ತವೆ. ಭಟ್ಕಳದ ಕೋಠಿಯ ಇಂಗ್ಲಿಷನ್ನು ತಾಯ್ನುಡಿಯಾಗಿ ಉಳಿಸಿಕೊಂಡ ಒಂದು ಕೇರಿಯೂ ಇಲ್ಲ.