ಕೂಲಿಯ ಪ್ರಶ್ನೆ ಮತ್ತು ಯುರೋಪಿನ ಕ್ರೈಸ್ತ ಪಕ್ಷಗಳು

ಯುರೋಪಿನ ಕ್ರೈಸ್ತ ಪ್ರಜಾಸತ್ತಾತ್ಮಕ ಪಕ್ಷಗಳ ಚರಿತ್ರೆಯಲ್ಲಿ ಚರ್ಚಿನಷ್ಟೇ ಕಾರ್ಮಿಕರ ಪಾಲೂ ಇದೆ. 1870ರ ದಶಕದಲ್ಲಿ ಜರ್ಮನಿಯ ಬಿಸ್ಮಾರ್ಕ್ ಕ್ಯಾಥೊಲಿಕ್ ಚರ್ಚನ್ನು ಹತ್ತಿಕ್ಕಲು ಹೊರಟಾಗ ಸೆಂಟರ್ ಪಕ್ಷ ಎದುರು ನಿಂತಿತು. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಹೊರಡಿಸಿದ ‘ರೇರುಮ್ ನೊವಾರುಮ್’ ಪತ್ರವು, ಕೂಲಿ ಬದುಕಿಗೆ ಸಾಲುವಂತಿರಬೇಕು, ಕಾರ್ಮಿಕರು ಸಂಘ ಕಟ್ಟಿಕೊಳ್ಳಬಹುದು ಎಂದು ಸಾರಿತು.

ಹಿಟ್ಲರನ ಕಾಲದಲ್ಲಿ ಸೆಂಟರ್ ಪಕ್ಷ ಮುಚ್ಚಿಹೋಯಿತು. ಯುದ್ಧ ಮುಗಿದ 1945ರಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಹಳೆಯ ಜಗಳ ಬದಿಗಿಟ್ಟು ಸಿಡಿಯು ಪಕ್ಷ ಕಟ್ಟಿದರು. ಕಾರ್ಮಿಕ ಸಂಘಗಳು ಮುಷ್ಕರಕ್ಕೆ ಸಜ್ಜಾದಾಗ, 1951ರಲ್ಲಿ ಸಿಡಿಯು ನಾಯಕ ಅಡೆನಾವರ್ ಅವರ ಸರ್ಕಾರ ಕಲ್ಲಿದ್ದಲು, ಉಕ್ಕು ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಕಾರ್ಮಿಕರಿಗೂ ಮಾಲೀಕರಿಗೂ ಸಮ ಸ್ಥಾನ ಕೊಡುವ ಕಾನೂನು ತಂದಿತು. ದುಡಿಮೆಗೆಂದು ಊರು ಬಿಟ್ಟು ಬಂದ ನಾವು ಇದನ್ನು ಗಮನಿಸಬೇಕು: ಒಳ್ಳೆಯ ಬೋಧನೆ ಇದ್ದರೂ ಕಾನೂನು ಬರಲು ಸಂಘದ ಒಗ್ಗಟ್ಟು ಬೇಕಾಯಿತು.