ಪಟ್ಟಿ ಬರೆಯೋರು ಯಾರು? ದಸರಾ ಸಭೆಯಿಂದ ಜಮಾಬಂದಿವರೆಗೆ

ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ಮೈಸೂರು ಅರಸರ ವಂಶದ ಕಥೆ ಶುರುವಾಗೋದೇ ನಮ್ಮ ಹದಿನಾರಿನ ಕಡೆಯಿಂದ. 1399ರಲ್ಲಿ ಯದುರಾಯ, ಕೃಷ್ಣರಾಯ ಅನ್ನೋ ಅಣ್ಣತಮ್ಮಂದಿರು ದ್ವಾರಕೆಯಿಂದ ಬಂದರಂತೆ. ಹದಿನಾಡಿನ ಪಾಳೆಯಗಾರನ ಮನೆಯವರಿಗೆ ಕಷ್ಟ ಕೊಡುತ್ತಿದ್ದ ಕಾರುಗಹಳ್ಳಿ ಮಾರನಾಯಕನನ್ನು ಕೊಂದರಂತೆ, ಯದುರಾಯ ಆ ಮನೆಯ ಮಗಳನ್ನು ಮದುವೆಯಾಗಿ ರಾಜನಾದನಂತೆ. ಈ ಕಥೆಯಲ್ಲಿ ಮಾರನಾಯಕ ಬರೀ ದುಷ್ಟ. ಅವನ ಕಡೆಯವರು ಏನು ಹೇಳುತ್ತಿದ್ದರು ಅಂತ ಯಾರೂ ಕೇಳಿ ಬರೆದಿಟ್ಟಿಲ್ಲ. ದಸರಾ ಬಂದಾಗಲೆಲ್ಲ ಈ ಕಥೆ ಪತ್ರಿಕೆಗಳಲ್ಲಿ ಬರುತ್ತೆ, ನಾವೂ ಓದ್ತೀವಿ.

ನಾನು ಹೇಳಬೇಕು ಅಂತಿರೋದು ಬೇರೆ ಚರಿತ್ರೆ. ಆಡಳಿತದವರು ಜನರನ್ನ "ನಿಮಗೇನು ಬೇಕು, ಎಲ್ಲಿ ತಪ್ಪಾಗಿದೆ, ಯಾವುದನ್ನ ಮೊದಲು ನೋಡಬೇಕು" ಅಂತ ಕೇಳೋಕೆ ಶುರು ಮಾಡಿದ್ದು ಯಾವಾಗ? ಕೇಳಿದಾಗ ಯಾರನ್ನ ಕೇಳಿದರು? ಇದನ್ನ ಈಗ ಬರೆಯೋಕೆ ಕಾರಣ ಇದೆ. ಗ್ರಾಮ ಪಂಚಾಯಿತಿಗಳ ಜಮಾಬಂದಿ ಕಾಲ ಹತ್ತಿರ ಬರ್ತಾ ಇದೆ.

ಮೊದಲು ಒಂದು ಹಳೇ ಸಂಗತಿ. 1873ರಲ್ಲಿ ಮೆಕೆಂಜಿ ಅನ್ನೋ ಬ್ರಿಟಿಷ್ ಅಧಿಕಾರಿ ಮೈಸೂರು ಸೀಮೆಯ ಹೊಲೆಯರ ಬಗ್ಗೆ ಬರೆದ. ಎರಡು ಊರುಗಳ ನಡುವೆ ಗಡಿ ಜಗಳ ಬಂದರೆ ತೀರ್ಮಾನ ಕೊಡಬೇಕಾದವನು ಕುಳವಾಡಿ ಅಂತಾನೆ ಅವನು. ಊರಿನ ಮಣ್ಣನ್ನು ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ತಲೆ ಮೇಲೆ ಹೊತ್ತುಕೊಂಡು ಕುಳವಾಡಿ ಗಡಿಯ ಮೇಲೆ ನಡೆಯಬೇಕು. ಸರಿಯಾದ ಗಡಿಯಲ್ಲೇ ನಡೆದರೆ ಉಂಡೆ ಗಟ್ಟಿಯಾಗಿರುತ್ತೆ, ಗೆರೆ ದಾಟಿದರೆ ಒಡೆದು ಹೋಗುತ್ತೆ ಅನ್ನೋ ನಂಬಿಕೆ. ಊರು ಎಲ್ಲಿಂದ ಎಲ್ಲಿವರೆಗೆ ಅಂತ ಹೇಳೋ ಹಕ್ಕು ನಮ್ಮ ಅಜ್ಜನಿಗಿತ್ತು. ಆ ಗಡಿಯ ಒಳಗೆ ಯಾವ ಬಾವಿಯಲ್ಲಿ ಯಾರು ನೀರು ಸೇದಬೇಕು, ಯಾವ ಬೀದಿಯಲ್ಲಿ ಯಾರು ಚಪ್ಪಲಿ ಮೆಟ್ಟಿ ನಡೆಯಬೇಕು ಅಂತ ಹೇಳೋ ಹಕ್ಕು ಇರಲಿಲ್ಲ. ಕೆರೆಯ ತೂಬು ಎತ್ತೋ ನೀರಗಂಟಿ, ಸುದ್ದಿ ಸಾರೋ ತೋಟಿ, ತಮಟೆ ಹೊಡೆಯೋನು, ಇವರೆಲ್ಲ ಎಷ್ಟೋ ಊರಲ್ಲಿ ನಮ್ಮೋರೇ. ಸಭೆ ಇದೆ ಅಂತ ಊರಿಗೆಲ್ಲ ಸಾರಿ ಬಂದೋನು ಆ ಸಭೆ ನಡೆಯುವಾಗ ಚಾವಡಿ ಹೊರಗೆ ನಿಂತಿರ್ತಿದ್ದ. ಈ ಒಂದು ಚಿತ್ರ ಮನಸ್ಸಲ್ಲಿಟ್ಟುಕೊಂಡು ಮುಂದಿನದನ್ನ ಓದಿ.

1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರನ್ನು ಹತ್ತನೇ ಚಾಮರಾಜ ಒಡೆಯರಿಗೆ ವಾಪಸ್ ಕೊಟ್ಟರು. ದಿವಾನರಾಗಿದ್ದವರು ರಂಗಾಚಾರ್ಲು. ಅದೇ ವರ್ಷ ಅಕ್ಟೋಬರ್ 7ರಂದು ಮೈಸೂರಲ್ಲಿ ಪ್ರಜಾ ಪ್ರತಿನಿಧಿ ಸಭೆ ಸೇರಿತು. 144 ಜನ ಬಂದಿದ್ದರು. ಭಾರತದ ಸಂಸ್ಥಾನಗಳಲ್ಲಿ ಇಂಥದ್ದು ಮೊದಲು ಅಂತ ಶಾಲೆ ಪುಸ್ತಕದಲ್ಲಿ ಓದಿದ್ದೀವಿ, ಮೆಚ್ಚಿಕೊಳ್ಳೋ ಸಂಗತಿಯೇ. ಸರ್ಕಾರ ಏನು ಮಾಡ್ತಿದೆ ಅಂತ ಜನಕ್ಕೆ ಹೇಳೋದು, ಜನಕ್ಕೆ ಏನು ಬೇಕು ಅಂತ ಸರ್ಕಾರ ಕೇಳಿಸಿಕೊಳ್ಳೋದು, ಇದು ಉದ್ದೇಶ. ದಿವಾನರು ವರ್ಷದ ಆಡಳಿತದ ವರದಿ ಓದೋರು, ತಾಲೂಕುಗಳಿಂದ ಬಂದವರು ತಮ್ಮ ಅಹವಾಲು ಇಡೋರು. ಕೆರೆ, ಕಂದಾಯ, ಕಾಡಿನ ಮೇವು, ರಸ್ತೆ.

ಬಂದವರು ಯಾರು ಅನ್ನೋದು ಪ್ರಶ್ನೆ. ಪ್ರತಿ ತಾಲೂಕಿನಿಂದ ಊರಲ್ಲಿ ಪ್ರಭಾವ ಇರೋ ಒಬ್ಬಿಬ್ಬರು ರೈತರು, ಪ್ರತಿ ಜಿಲ್ಲೆಯಿಂದ ಮೂರ್ನಾಲ್ಕು ಜನ ದೊಡ್ಡ ವರ್ತಕರು. ದಸರಾ ಸಮಯದಲ್ಲೇ ಸಭೆ ಯಾಕೆ ಅಂದ್ರೆ ಇವರು ಹೇಗೂ ಹಬ್ಬಕ್ಕೆ ಮೈಸೂರಿಗೆ ಬರೋರು. ದಸರಾಕ್ಕೆ ನಮ್ಮೋರೂ ಹೋಗಿರ್ತಾರೆ ಬಿಡಿ. ತಮಟೆ ಹೊಡೆಯೋಕೆ, ಹೊರೆ ಹೊರೋಕೆ, ಗಾಡಿ ಹಿಂದೆ ನಡೆಯೋಕೆ. ಸಭೆಗೆ ಕರೆದ ಪಟ್ಟಿಯಲ್ಲಿ ಜಮೀನಿಲ್ಲದವನಿಗೆ ಜಾಗ ಇರಲಿಲ್ಲ. ಆಮೇಲೆ 1891ರ ಹೊತ್ತಿಗೆ ಚುನಾವಣೆ ಬಂತು. ಆಗಲೂ ಓಟು ಇದ್ದದ್ದು ದೊಡ್ಡ ಮೊತ್ತದ ಕಂದಾಯ ಕಟ್ಟೋರಿಗೆ, ತೆರಿಗೆ ಕಟ್ಟೋ ವ್ಯಾಪಾರಿಗಳಿಗೆ, ಪದವೀಧರರಿಗೆ. ಅದೇ ವರ್ಷ ನಂಜನಗೂಡಿಗೆ ರೈಲೂ ಬಂತು. ರೈಲಿಗೆ ಟಿಕೆಟ್ ತಗೊಂಡ್ರೆ ಹತ್ತಬಹುದಿತ್ತು, ಸಭೆಗೆ ಆ ದಾರಿನೂ ಇರಲಿಲ್ಲ.

ಆ ಕಾಲದಲ್ಲಿ ಲೋಕವೆಲ್ಲ ಹಾಗೇ ಇತ್ತು ಅಂತ ವಾದ ಮಾಡೋರು ಇದ್ದಾರೆ. ಇರಬಹುದು. ಆದ್ರೆ ಸಭೆಯ ಪಟ್ಟಿ ಯಾಕೆ ಹಾಗಿತ್ತು ಅನ್ನೋದಕ್ಕೆ ಇದೇ ಉತ್ತರ. ಕೆರೆ ಹೂಳೆತ್ತಬೇಕು ಅಂತ ಅಹವಾಲು ಇಡ್ತಾನೆ ಕೆರೆ ಕೆಳಗೆ ಗದ್ದೆ ಇರೋನು. ಆ ಗದ್ದೆಯಲ್ಲಿ ಜೀತಕ್ಕಿದ್ದೋನ ಅಹವಾಲು ಬೇರೆ. ಅವನು ಸಭೆಯಲ್ಲಿ ಇಲ್ಲ ಅಂದಮೇಲೆ ಜೀತ ಅನ್ನೋದು "ಪ್ರಜೆಗಳ ಕುಂದುಕೊರತೆ" ಪಟ್ಟಿಗೆ ಬರೋದಾದ್ರೂ ಹೇಗೆ?

1923ರಲ್ಲಿ ಈ ಸಭೆಗೆ ಶಾಸನದ ಬಲ ಬಂತು. ಹೊಸ ತೆರಿಗೆ ಹಾಕೋ ಮುಂಚೆ ಸಭೆಯನ್ನ ಕೇಳಬೇಕು, ಬಜೆಟ್ ಮೇಲೆ ನಿರ್ಣಯ ಮಂಡಿಸಬಹುದು ಅಂತಾಯ್ತು. ಹೆಣ್ಣುಮಕ್ಕಳಿಗಿದ್ದ ಅಡ್ಡಿ ತೆಗೆದರು. ಅದಕ್ಕೂ ಮುಂಚೆ ಮಿಲ್ಲರ್ ಸಮಿತಿ, ಬ್ರಾಹ್ಮಣೇತರರ ಚಳವಳಿ ಎಲ್ಲ ಆಗಿತ್ತು, ಆ ಬಿಸಿ ಇಲ್ಲದಿದ್ರೆ ಇದು ಬರ್ತಿರಲಿಲ್ಲ. ಆದಿ ಕರ್ನಾಟಕ ಅನ್ನೋ ಹೆಸರು ಬಳಕೆಗೆ ಬಂದ ಕಾಲ ಅದು. ದಲಿತ ಪ್ರತಿನಿಧಿಗಳು ಸಭೆಯಲ್ಲಿ ಕೂತರು, ಶಾಲೆ, ಹಾಸ್ಟೆಲ್, ಬಾವಿ, ಜಮೀನು ಅನ್ನೋ ಮಾತು ಪಟ್ಟಿಗೆ ಸೇರತೊಡಗಿದವು. ನೋಡಿ, ಕೂತವರು ಬದಲಾದ ಕೂಡಲೇ ಪಟ್ಟಿನೂ ಬದಲಾಯ್ತು. ನನ್ನ ಮಟ್ಟಿಗೆ ಆ ಸಭೆಯ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ.

ಊರ ಪಂಚಾಯಿತಿ ವಿಷಯಕ್ಕೆ ಬಂದರೆ ಬಾಬಾಸಾಹೇಬರನ್ನು ನೆನೆಯದೆ ದಾಟೋಕಾಗಲ್ಲ. 1932ರಲ್ಲಿ ಮುಂಬಯಿ ಶಾಸನ ಪರಿಷತ್ತಿಗೆ ಗ್ರಾಮ ಪಂಚಾಯಿತಿ ಮಸೂದೆ ಬಂದಾಗ, ನಮ್ಮವರಿಗೆ ಮೀಸಲು ಸ್ಥಾನ ಇಲ್ಲದ ಪಂಚಾಯಿತಿ ನಮಗೆ ಬೇಡ ಅಂತ ಅವರು ಎದ್ದು ನಿಂತು ವಾದಿಸಿದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯ ಬಗ್ಗೆ ಆಡಿದ ಖಡಕ್ ಮಾತು ಗೊತ್ತೇ ಇದೆ. ಹಳ್ಳಿಯನ್ನ ಸ್ವರ್ಗ ಅಂತ ಹಾಡಿ ಹೊಗಳ್ತಿದ್ದೋರಿಗೆ ಬೇಜಾರಾಯ್ತು, ಅದೇ ತಿಂಗಳು ಪಂಚಾಯಿತಿ ಬಗ್ಗೆ 40ನೇ ವಿಧಿ ಸೇರಿಸಿದರು. ಬಾಬಾಸಾಹೇಬರು ಪಂಚಾಯಿತಿ ವಿರೋಧಿ ಅಂತ ಈಗಲೂ ಕೆಲವರು ಸುಲಭವಾಗಿ ಹೇಳಿಬಿಡ್ತಾರೆ. 1932ರ ಮಾತು ಓದಿದರೆ ಅವರು ಕೇಳ್ತಿದ್ದದ್ದು ಒಂದೇ ಅಂತ ಗೊತ್ತಾಗುತ್ತೆ: ಊರು ಅಂದ್ರೆ ಯಾರು?

ಕರ್ನಾಟಕದಲ್ಲಿ ಅದಕ್ಕೆ ಕಾನೂನಿನ ಉತ್ತರ ಸಿಗೋಕೆ 1983ರವರೆಗೆ ಕಾಯಬೇಕಾಯ್ತು. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಬಂದ ಕಾಯ್ದೆ, 1987ರ ಜನವರಿಯಲ್ಲಿ ಚುನಾವಣೆ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ, ಹೆಂಗಸರಿಗೆ ಕಾಲುಭಾಗ ಸ್ಥಾನ, ಪರಿಶಿಷ್ಟರಿಗೆ ಮೀಸಲಾತಿ, ಗ್ರಾಮಸಭೆ. ನೀರಿನ ಬೋರ್‌ವೆಲ್‌ನಿಂದಾಗಿ ಅವರನ್ನ "ನೀರ್ ಸಾಬ್" ಅಂತ ಜನ ಕರೆದರು, ಗ್ರಾಮಸಭೆಯ ಸಾಬರು ಅಂತಲೂ ಕರೀಬೇಕಿತ್ತು.

ಆಮೇಲೆ 1993. ಈ ವರ್ಷದ ತಾರೀಖುಗಳನ್ನ ಒಟ್ಟಿಗೆ ಇಟ್ಟು ನೋಡಿ. ಮಾರ್ಚ್ 25ಕ್ಕೆ ನಮ್ಮದೇ ನಂಜನಗೂಡು ತಾಲೂಕಿನ ಬದನವಾಳಲ್ಲಿ ಮೂವರು ದಲಿತರ ಕೊಲೆ. ದೇವಸ್ಥಾನದ ಒಳಗೆ ಹೋಗೋ ಹಕ್ಕು ಕೇಳಿದ್ದರ ಹಿಂದೆಯೇ ಬಂದ ಕೊಲೆ. ಏಪ್ರಿಲ್ 24ಕ್ಕೆ ಸಂವಿಧಾನದ 73ನೇ ತಿದ್ದುಪಡಿ ಜಾರಿ. ಮೇ 10ಕ್ಕೆ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಜಾರಿ. ಊರಿನ ಎಲ್ಲರೂ ಒಟ್ಟಿಗೆ ಕೂತು ಊರಿನ ಕೆಲಸ ತೀರ್ಮಾನ ಮಾಡಿ ಅಂತ ಕಾಯ್ದೆ ಹೇಳಿತು, ಬದನವಾಳಿನ ಕೇರಿಯಲ್ಲಿ ಆಗಿನ್ನೂ ಸಾವಿನ ಮನೆಗಳು. ಮೈಸೂರು ಅರಸರ ಕೈಗೆ ಬಂದದ್ದೂ ಮಾರ್ಚ್ 25ಕ್ಕೇ, 112 ವರ್ಷ ಹಿಂದೆ. ಅದು ಕಾಕತಾಳೀಯ, ಅದರಲ್ಲಿ ಅರ್ಥ ಹುಡುಕೋಕೆ ಹೋಗಲ್ಲ. ಆದ್ರೆ ನಮ್ಮ ಕಡೆ ಗ್ರಾಮಸಭೆಯಲ್ಲಿ ಕೇರಿಯೋರು ಯಾಕೆ ಬಾಯಿ ಬಿಡಲ್ಲ ಅಂತ ತರಬೇತಿ ಕೊಡೋಕೆ ಬರೋ ಸಂಪನ್ಮೂಲ ವ್ಯಕ್ತಿಗಳು ಕೇಳಿದಾಗ ನನಗೆ ಬದನವಾಳು ನೆನಪಾಗುತ್ತೆ. "ಜಾಗೃತಿ ಕೊರತೆ" ಅಂತ ಅವರು ವರದಿ ಬರೀತಾರೆ.

ಕಾಯ್ದೆಯಲ್ಲಿ ಏನಿದೆ ಅಂತ ಗೊತ್ತಿರಬೇಕು. 2002ರ ತಿದ್ದುಪಡಿ ಆದಮೇಲೆ ಗ್ರಾಮಸಭೆಗಿಂತ ಮುಂಚೆ ವಾರ್ಡ್ ಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಆದ್ಯತೆ ಗೊತ್ತುಮಾಡೋದು, ಫಲಾನುಭವಿಗಳನ್ನು ಗುರುತಿಸೋದು ಅದರ ಕೆಲಸ. ಗ್ರಾಮಸಭೆಗೆ ಒಟ್ಟು ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ. ಬಂದವರಲ್ಲಿ ನೂರಕ್ಕೆ 30 ಹೆಂಗಸರು, ಪರಿಶಿಷ್ಟರು ಅವರ ಜನಸಂಖ್ಯೆಗೆ ತಕ್ಕಷ್ಟು. ಪಂಚಾಯಿತಿಯ ವರ್ಷದ ಲೆಕ್ಕ, ಆಡಳಿತ ವರದಿ, ಆಡಿಟ್ ಆಕ್ಷೇಪಣೆ, ಅದಕ್ಕೆ ಕೊಟ್ಟ ಉತ್ತರ, ಎಲ್ಲ ಆ ಸಭೆ ಮುಂದೆ ಬರಬೇಕು. ಇದರ ಜೊತೆಗೆ ಜಮಾಬಂದಿ.

ಜಮಾಬಂದಿ ಅನ್ನೋ ಪದಕ್ಕೇ ಒಂದು ಚರಿತ್ರೆ ಇದೆ. ಹಿಂದೆ ಅದು ಸರ್ಕಾರ ರೈತನ ಲೆಕ್ಕ ನೋಡೋ ದಿನ. ಅಮಲ್ದಾರರು ಕೂತು ಯಾರು ಎಷ್ಟು ಕಂದಾಯ ಕೊಡಬೇಕು ಅಂತ ತೀರ್ಮಾನ ಮಾಡೋರು, ರೈತ ಕೈಕಟ್ಟಿ ನಿಲ್ಲೋನು. ಪಂಚಾಯಿತಿ ಜಮಾಬಂದಿಯಲ್ಲಿ ಅದು ತಿರುಗುಮುರುಗಾಗಿದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಮೇಲಿನ ಅಧಿಕಾರಿಗಳ ತಂಡ ಬಂದು ಪಂಚಾಯಿತಿಯ ದಾಖಲೆಗಳನ್ನ ಜನರ ಮುಂದೆ ಇಟ್ಟು ನೋಡಬೇಕು, ಮಾಡಿದ ಕೆಲಸಗಳನ್ನ ಸ್ಥಳಕ್ಕೆ ಹೋಗಿ ಪರಿಶೀಲನೆ ಮಾಡಬೇಕು. ಲೆಕ್ಕ ಕೊಡೋರು ಅವರು, ಕೇಳೋರು ನಾವು. ರಾಜಸ್ಥಾನದ ಕೋಟ್‌ಕಿರಾಣದಲ್ಲಿ ಕೂಲಿಕಾರರು 1994ರ ಡಿಸೆಂಬರ್‌ನಲ್ಲಿ ಮಸ್ಟರ್ ರೋಲ್ ಜೋರಾಗಿ ಓದಿಸಿ ಜನ ಸುನ್ವಾಯಿ ನಡೆಸಿದರಲ್ಲ, ಮಾಹಿತಿ ಹಕ್ಕು ಹುಟ್ಟಿದ್ದು ಅಂಥ ಸಭೆಗಳಿಂದ. ನಮ್ಮಲ್ಲಿ ಅಂಥದ್ದು ಕಾನೂನಿನ ಪುಸ್ತಕದಲ್ಲೇ ಇದೆ, ಪ್ರತಿ ವರ್ಷ ತಾರೀಖು ಸಮೇತ.

ತೊಂದರೆ ಎಲ್ಲಿ ಅಂದ್ರೆ, ತಂಡ ಯಾವ ಕೆಲಸ ನೋಡಬೇಕು, ಯಾವ ಕಡತ ತೆಗೀಬೇಕು ಅಂತ ತೀರ್ಮಾನ ಮಾಡೋದು ಯಾರು? ಇಂಗ್ಲೆಂಡಿನಲ್ಲಿ 2000ನೇ ಇಸವಿಯ ಕಾಯ್ದೆಯಿಂದ ಸ್ಥಳೀಯ ಕೌನ್ಸಿಲ್‌ಗಳಿಗೆ ಪರಿಶೀಲನಾ ಸಮಿತಿಗಳು ಬಂದವು. ಈ ವರ್ಷ ಯಾವ ವಿಷಯ ಪರಿಶೀಲನೆ ಮಾಡಲಿ ಅಂತ ಆ ಸಮಿತಿಗಳು ಜನರನ್ನೇ ಕೇಳೋದುಂಟು. ನಮ್ಮಲ್ಲಿ ನಾನು ನೋಡಿದ ಜಮಾಬಂದಿಗಳಲ್ಲಿ ಬೆಳಿಗ್ಗೆ ಜೀಪು ಬರುತ್ತೆ, ಮುಖ್ಯರಸ್ತೆ ಪಕ್ಕದ ಹೊಸ ಸಿಮೆಂಟ್ ರಸ್ತೆ ತೋರಿಸ್ತಾರೆ, ಶಾಲೆ ಕಾಂಪೌಂಡ್ ತೋರಿಸ್ತಾರೆ, ಫೋಟೊ ತೆಗೀತಾರೆ, ಊಟ ಆಗುತ್ತೆ. ಕೇರಿ ಕಡೆ ಜೀಪು ತಿರುಗೋಕೆ ಜಾಗ ಇಲ್ಲ ಅಂತಾರೆ.

ಹೋದ ವರ್ಷ ನಮ್ಮ ಭಾಗದ ಒಂದು ಊರಲ್ಲಿ (ಹೆಸರು ಬೇಡ) ಜಮಾಬಂದಿಗೆ ಹತ್ತು ದಿನ ಮುಂಚೆ ಅಂಬೇಡ್ಕರ್ ಭವನದಲ್ಲಿ ಕೂತ್ವಿ. ಯಾವುದನ್ನ ಪರಿಶೀಲನೆ ಮಾಡಿಸಬೇಕು ಅಂತ ನೀವೇ ಹೇಳಿ ಅಂತ ಕೇಳಿದ್ವಿ. ನಮ್ಮ ಹುಡುಗರು ತಯಾರು ಮಾಡಿಕೊಂಡಿದ್ದ ಪಟ್ಟಿಯಲ್ಲಿ ಪರಿಶಿಷ್ಟರಿಗೆ ಮೀಸಲಾದ ನೂರಕ್ಕೆ 25ರ ಹಣ ಮೊದಲಿತ್ತು, ಉದ್ಯೋಗ ಖಾತ್ರಿ ಎನ್‌ಎಂಆರ್ ಎರಡನೇದು. ಮಾತಾಡದೆ ಕೂತಿದ್ದ ಒಬ್ಬ ಅವ್ವ ಎದ್ದು, "ಅದೆಲ್ಲ ಬುಡ್ರಪ್ಪ, ಆ ವಾಲ್ ತಿರುಗ್ಸೋನು ಎಷ್ಟೊತ್ತು ನಮ್ ಕಡೆ ನೀರು ಬುಡ್ತಾನ ಅಂತ ಬರ್ದವ್ರಾ ನೋಡಿ" ಅಂದರು. ಆಮೇಲೆ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಶುರು ಮಾಡಿದರು. ಮಸಣಕ್ಕೆ ಹೋಗೋ ದಾರಿ ಮಳೆಗಾಲದಲ್ಲಿ ಮುಳುಗುತ್ತೆ, ಅದಕ್ಕೆ ಬಿಲ್ ಆಗಿದೆಯಾ? ಚರಂಡಿ ಊರೊಳಗಿಂದ ಬಂದು ಕೇರಿ ಬಾಗಿಲಲ್ಲೇ ಯಾಕೆ ನಿಲ್ಲುತ್ತೆ? ನೂರಕ್ಕೆ 25ರ ಹಣವೂ ಪಟ್ಟಿಯಲ್ಲಿ ಉಳೀತು, ಆರನೇದಾಗಿ.

ಆ ಪಟ್ಟಿಯನ್ನ ಎರಡು ಪ್ರತಿ ಮಾಡಿ ಪಂಚಾಯಿತಿಗೆ ಕೊಟ್ಟು ಒಂದಕ್ಕೆ ಸೀಲು ಹಾಕಿಸಿಕೊಂಡ್ವಿ. ತಂಡ ಬಂದ ದಿನ ಆ ಸೀಲಿನ ಕಾಗದ ತೋರಿಸಿದಮೇಲೆ ಅಧಿಕಾರಿ ಕೇರಿವರೆಗೆ ನಡೆದುಕೊಂಡು ಬಂದರು. ನೀರು ಬಿಡೋ ವೇಳೆ ಬರೆದ ಪುಸ್ತಕವೇ ಇಲ್ಲ ಅನ್ನೋದು ವರದಿಯಲ್ಲಿ ಬಂತು. ಈಗ ಪುಸ್ತಕ ಇದೆ. ನೀರು ಪೂರಾ ಸರಿಹೋಗಿಲ್ಲ, ಆದ್ರೆ ಜಗಳ ಆಡೋಕೆ ಒಂದು ಬರಹ ಇದೆ. ಮಸಣದ ದಾರಿ ವಿಷಯ ಇನ್ನೂ ಹಾಗೇ ಇದೆ, ಈ ವರ್ಷದ ಪಟ್ಟಿಯಲ್ಲಿ ಅದು ಮೊದಲನೇದು.

ಹದಿನಾರು, ನಂಜನಗೂಡು, ತಿ.ನರಸೀಪುರ ಕಡೆಯ ಗೆಳೆಯರು ಆಗಸ್ಟ್ 16ಕ್ಕೆ ಮುಂಚೆ ನಿಮ್ಮ ಕೇರಿಯಲ್ಲಿ ಒಂದು ಸಂಜೆ ಕೂತುಕೊಳ್ಳಿ. ಗಂಡಸರು ಕೂಲಿಯಿಂದ ಬರೋ ಹೊತ್ತಿಗಿಂತ ಮುಂಚೆ ಹೆಂಗಸರನ್ನ ಬೇರೆಯಾಗಿ ಕೇಳಿದರೆ ಒಳ್ಳೇದು, ಪಟ್ಟಿ ಬೇರೆಯೇ ಬರುತ್ತೆ. ಪಟ್ಟಿಗೆ ಕೇರಿಯೋರ ಸಹಿ, ಹೆಬ್ಬೆಟ್ಟು ಹಾಕಿಸಿ, ಪಿಡಿಒಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಜಮಾಬಂದಿ ದಿನ ಯಾವತ್ತು ಅಂತ ಬರಹದಲ್ಲೇ ಕೇಳಿ. ನಮ್ಮ ಹೋದ ವರ್ಷದ ಪಟ್ಟಿಯ ನಮೂನೆ ಬೇಕಾದವರು ಹೇಳಿ, ಕಳಿಸ್ತೀನಿ.