ಕಡಲ ಕಾನೂನಿನ ವಕೀಲಿ ವೃತ್ತಿ (ಕರ್ನಾಟಕ)

ಹಡಗು, ಸರಕು, ನಾವಿಕರ ಸಂಬಳ, ಬಂದರಿನ ಬಾಕಿ, ಡಿಕ್ಕಿ, ಮುಳುಗಡೆ, ತೈಲ ಸೋರಿಕೆ ಮುಂತಾದ ವ್ಯಾಜ್ಯಗಳನ್ನು ನಡೆಸುವ ವಕೀಲಿ ಶಾಖೆ. ಕರ್ನಾಟಕಕ್ಕೆ ಇದು ತಡವಾಗಿ ಬಂದದ್ದು ಕಡಲಿಲ್ಲದ ಕಾರಣಕ್ಕಲ್ಲ, ಇಲ್ಲಿನ ನ್ಯಾಯಾಲಯಕ್ಕೆ ಕಡಲಿನ ಮೇಲೆ ಅಧಿಕಾರ ಇಲ್ಲದಿದ್ದ ಕಾರಣಕ್ಕೆ.

ಕೆ.ಆರ್.ಪೇಟೆ ತಾಲ್ಲೂಕಿನ ಶೀಳನೆರೆಯಂಥ ಒಳನಾಡಿಗೆ ಕಡಲು ದೂರದ ಸಂಗತಿ ಎನಿಸಬಹುದು. ಆದರೆ ಈ ಸೀಮೆಗೆ ಸೇರಿದ ಶ್ರೀರಂಗಪಟ್ಟಣವೇ ಒಮ್ಮೆ ಕಡಲಾಡಳಿತದ ಕೇಂದ್ರವಾಗಿತ್ತು. ಟಿಪ್ಪು ಸುಲ್ತಾನ್ 1796ರಲ್ಲಿ ನೌಕಾ ಇಲಾಖೆಗೆಂದು ವಿವರವಾದ ಹುಕುಂನಾಮೆ ಹೊರಡಿಸಿದನು. ಮಂಗಳೂರು ಹಡಗು ಕಟ್ಟುವ ತಾಣವಾಗಿತ್ತು, ಮಸ್ಕತ್‌ನಲ್ಲಿ ಅವನ ವ್ಯಾಪಾರ ಕೋಠಿಯಿತ್ತು. 1799ರಲ್ಲಿ ಕೋಟೆ ಬಿದ್ದಾಗ ಕೆನರಾ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು, ಮೈಸೂರು ಕಡಲಿಲ್ಲದ ರಾಜ್ಯವಾಯಿತು. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. 1890 ಮತ್ತು 1891ರ ಕಾಯಿದೆಗಳು ನೌಕಾ ವ್ಯಾಜ್ಯದ ಅಧಿಕಾರವನ್ನು ಹೈಕೋರ್ಟುಗಳ ಪೈಕಿ ಕಲ್ಕತ್ತ, ಮದರಾಸು, ಮುಂಬೈಗಳಿಗಷ್ಟೇ ಕೊಟ್ಟವು. ಮಂಗಳೂರಿನ ಹೆಂಚೋ ಕಾಫಿಯೋ ಹಡಗಿನಲ್ಲಿ ಹಾಳಾದರೆ ಆ ಹಡಗನ್ನು ಹಿಡಿದು ನಿಲ್ಲಿಸುವ ಕೋರ್ಟು ಮದರಾಸಿನಲ್ಲಿತ್ತು.

1884ರಲ್ಲಿ ಸ್ಥಾಪನೆಯಾದ ಮೈಸೂರಿನ ಚೀಫ್ ಕೋರ್ಟಿಗೆ ಈ ವಿದ್ಯೆ ಬೇಕಾಗಲೇ ಇಲ್ಲ. ಪಾಂಡವಪುರ ತಾಲ್ಲೂಕಿನಲ್ಲಿ ಹುಟ್ಟಿ, ಮೈಸೂರು ರಾಜ್ಯದ ಅಡ್ವೊಕೇಟ್ ಜನರಲ್ ಆಗಿ, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯನವರ ತಲೆಮಾರಿಗೂ ಇಲ್ಲಿ ಕಡಲ ಕಾನೂನು ಒಂದು ಹಾದಿಯಾಗಿ ತೆರೆದಿರಲಿಲ್ಲ. 1956ರ ಏಕೀಕರಣದಿಂದ ಕರಾವಳಿ ಮರಳಿತು, 1974ರಲ್ಲಿ ನವಮಂಗಳೂರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅಧಿಕಾರ ಮಾತ್ರ ಜೊತೆಯಲ್ಲಿ ಬರಲಿಲ್ಲ.

ತಿರುವು ಕೊಟ್ಟದ್ದು ಎಂ.ವಿ. ಎಲಿಸಬೆತ್ ಪ್ರಕರಣ. 1984ರಲ್ಲಿ ಮರ್ಮಗೋವಾದಿಂದ ಹೊರಟ ಈ ವಿದೇಶಿ ಹಡಗು, ಸರಕು ಕಳುಹಿಸಿದವರ ಸೂಚನೆ ಮೀರಿ ಮಾಲನ್ನು ಬೇರೆಯವರ ಕೈಗೊಪ್ಪಿಸಿತೆಂಬ ದೂರಿನ ಮೇಲೆ ವಿಶಾಖಪಟ್ಟಣದಲ್ಲಿ ಬಂಧನಕ್ಕೊಳಗಾಯಿತು. ಆಂಧ್ರ ಹೈಕೋರ್ಟಿಗೆ ಆ ಅಧಿಕಾರವೇ ಇಲ್ಲವೆಂದು ಮಾಲೀಕರು ವಾದಿಸಿದರು. ವಸಾಹತು ಕಾಲದ ಕಾಯಿದೆಗಳು ಸ್ವತಂತ್ರ ಭಾರತದ ಹೈಕೋರ್ಟುಗಳ ಕೈ ಕಟ್ಟಲಾರವು ಎಂದು ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮನ್ ಮತ್ತು ಆರ್.ಎಂ. ಸಹಾಯ್ ಅವರ ಸುಪ್ರೀಂ ಕೋರ್ಟ್ ಪೀಠ 1992ರ ಫೆಬ್ರುವರಿ 26ರಂದು ತೀರ್ಪಿತ್ತಿತು. ಭಾರತದ ಕಡಲ ಕಾನೂನಿನಲ್ಲಿ ಇದಕ್ಕಿಂತ ದೊಡ್ಡ ತೀರ್ಪಿಲ್ಲ. ಮುಂದೆ 2017ರ ಕಾಯಿದೆ ನೌಕಾ ವ್ಯಾಜ್ಯದ ಅಧಿಕಾರಕ್ಕೆ ಎಂಟು ಹೈಕೋರ್ಟುಗಳನ್ನು ಹೆಸರಿಸಿತು, ಅವುಗಳಲ್ಲಿ ಕರ್ನಾಟಕವೂ ಒಂದು. ಅದು ಜಾರಿಗೆ ಬಂದದ್ದು 2018ರ ಏಪ್ರಿಲ್ 1ರಂದು.

ಈ ವಕೀಲರ ಕೆಲಸದ ಜೀವಾಳ ಹಡಗಿನ ಬಂಧನ. ಮಾಲೀಕ ಯಾವುದೋ ದೇಶದಲ್ಲಿರುತ್ತಾನೆ, ಹಡಗು ಮಾತ್ರ ಕಣ್ಣೆದುರಿಗಿದೆ. ಆದ್ದರಿಂದ ಹಡಗನ್ನೇ ಪ್ರತಿವಾದಿಯನ್ನಾಗಿ ಮಾಡಿ ದಾವೆ ಹೂಡುತ್ತಾರೆ. ಲಂಗರು ಎತ್ತುವ ಮೊದಲು ಆದೇಶ ಕೈಸೇರದಿದ್ದರೆ ಕಕ್ಷಿದಾರನಿಗೆ ಆ ಹಡಗು ಮತ್ತೆ ಸಿಗದೆಯೂ ಹೋಗಬಹುದು. ನವಮಂಗಳೂರಿನ ಹಡಗಿಗೂ ಆದೇಶ ಬರಬೇಕಾದದ್ದು ಬೆಂಗಳೂರಿನ ಪೀಠದಿಂದ. ಬಂಧನವಾದ ಮೇಲೆ ಮಾಲೀಕ ಭದ್ರತೆ ಒದಗಿಸಿದರೆ ಹಡಗಿಗೆ ಬಿಡುಗಡೆ, ಇಲ್ಲವಾದರೆ ಮಾರಾಟ. ಮಾರಾಟದ ಹಣದಲ್ಲಿ ಕಡಲ ಹಕ್ಕುಗಳ (ಹಡಗಿಗೇ ಅಂಟಿಕೊಂಡ ಹಕ್ಕುಗಳ) ಸಾಲಿನಲ್ಲಿ ಮೊದಲು ನಿಲ್ಲುವುದು ನಾವಿಕರ ಸಂಬಳ. ಬೇರೆ ಕಡಲ ಹಕ್ಕುಗಳು ಒಂದೇ ವರ್ಷಕ್ಕೆ ಅಳಿದರೆ ಸಂಬಳದ ಹಕ್ಕು ಎರಡು ವರ್ಷ ಉಳಿಯುತ್ತದೆ. ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ ಕೂಲಿ ಸಿಗದೆ ಸಿಕ್ಕಿಬಿದ್ದವನನ್ನು ನೆನೆದರೆ, 2017ರ ಇಡೀ ಕಾಯಿದೆಯಲ್ಲಿ ಇದಕ್ಕಿಂತ ನ್ಯಾಯವಾದ ಮಾತು ಕಾಣುವುದಿಲ್ಲ.

2006ರಲ್ಲಿ ಕಾರವಾರದ ಬಳಿ ಓಷನ್ ಸೆರಾಯಾ ಹಡಗು ಬಂಡೆಗೆ ತಾಗಿ ತೈಲ ಸೋರಿತು, 2022ರಲ್ಲಿ ಉಕ್ಕು ಹೊತ್ತ ಪ್ರಿನ್ಸೆಸ್ ಮಿರಾಲ್ ಉಳ್ಳಾಲದ ಬಳಿ ಮುಳುಗಿತು. ಇಂಥ ಅವಘಡಗಳಲ್ಲಿ ಮೀನುಗಾರರ ನಷ್ಟ, ವಿಮೆ, ಅವಶೇಷ ತೆಗೆಯುವ ಹೊಣೆ ಎಲ್ಲವೂ ವಕೀಲರ ಮೇಜಿಗೆ ಬರುವ ವಿಷಯಗಳು.

ವಿಶೇಷ ಪದವಿ ಕಡ್ಡಾಯವಲ್ಲ. ಕಾನೂನು ಪದವಿ, ವಕೀಲರ ಪರಿಷತ್ತಿನ ನೋಂದಣಿ ಮತ್ತು ಪರೀಕ್ಷೆ ಮುಗಿಸಿ, ನೌಕಾ ವ್ಯಾಜ್ಯ ನಡೆಸುವ ಹಿರಿಯರ ಕಚೇರಿಯಲ್ಲಿ ಕಲಿಯುವುದು ರೂಢಿ. ಕೆಲವರು ಇಂಗ್ಲೆಂಡಿನ ಸೌತಾಂಪ್ಟನ್, ವೇಲ್ಸ್‌ನ ಸ್ವಾನ್ಸಿ ಅಥವಾ ಮಾಲ್ಟಾದಲ್ಲಿ ಉನ್ನತ ವ್ಯಾಸಂಗ ಮಾಡುತ್ತಾರೆ. 1856ರ ಸರಕುಪತ್ರ ಕಾಯಿದೆ, 1925ರ ಸಮುದ್ರ ಸಾಗಣೆ ಕಾಯಿದೆ, 1958ರ ವಾಣಿಜ್ಯ ನೌಕಾಯಾನ ಕಾಯಿದೆಗಳ ಜಾಗಕ್ಕೆ ಸಂಸತ್ತು 2025ರಲ್ಲಿ ಹೊಸ ಕಾಯಿದೆಗಳನ್ನು ತಂದಿದೆ.